ಬಾಣಂತಿ ನೀರಲ್ಲಿ ನೆನೆದ ಹಡಗು

ನನ್ನ ಮೊದಲ ಹಡಗನ್ನು ನಾನು ಕಟ್ಟಿದ್ದು ಕಡಬದ ಹತ್ತಿರ, ಹೆಂಡತಿಯ ತವರಿನ ಜಗಲಿಯಲ್ಲಿ ಕೂತು. ಸಮುದ್ರ ನೋಡಬೇಕಾದರೆ ಅಲ್ಲಿಂದ ಎರಡು ಬಸ್ಸು ಬದಲಿಸಬೇಕು. ಇನ್ನು ನನಗೂ ನೀರಿಗೂ ಇರುವ ಸಂಬಂಧ ಹೇಳುವುದಾದರೆ, ಕುಮಾರಧಾರೆಯಲ್ಲಿ ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು ಕಾಪಾಡಿ ಎಂದು ಕೂಗಿದವನು ನಾನು. ಕಾಪಾಡಲು ಬಂದವರಿಗೆ ಪ್ಯಾಂಟು ಮಡಚುವ ಕೆಲಸ ಕೂಡ ಸರಿಯಾಗಿ ಸಿಗಲಿಲ್ಲ.

ಪುತ್ತೂರಿನಲ್ಲಿ ನನ್ನದು ಮೊಬೈಲ್ ರಿಪೇರಿ. ಎಳ್ಳಿಗಿಂತ ಸಣ್ಣ ಸ್ಕ್ರೂ ಬಿಚ್ಚುವ ಕೈಗೆ ಮರದ ಹಡಗು ಯಾವ ಮಹಾ ಎಂಬ ಅಹಂಕಾರದಲ್ಲಿ ಅದನ್ನು ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದ್ದೆ. ಕೈಯುದ್ದದ ಆಟಿಕೆ ಹಡಗು, ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುತ್ತದೆ, ನಾವೇ ಜೋಡಿಸಬೇಕು. ಹೆಂಡತಿ ಆಗ ಬಸುರಿ. ಹುಟ್ಟುವ ಮೊದಲು ಮಗುವಿಗೆಂದು ಒಂದು ಟೊಪ್ಪಿ ಕೂಡ ಕೊಳ್ಳಬಾರದು ಎನ್ನುವುದು ನಮ್ಮ ಎರಡೂ ಮನೆಗಳ ಕಟ್ಟುನಿಟ್ಟು. ಆದರೆ ಹಡಗು ಟೊಪ್ಪಿಯಲ್ಲ, ಅಂಗಿಯಲ್ಲ, ತೊಟ್ಟಿಲೂ ಅಲ್ಲ. ಮೇಲಾಗಿ ಪೆಟ್ಟಿಗೆಯ ಫೋಟೋದಲ್ಲಿ ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ ಎಂದು ಬರೆದಿತ್ತು. ಹಾಗಾಗಿ ಇದು ಮಗುವಿನ ಸಾಮಾನಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ನಾನೇ ವಕೀಲನಾಗಿ, ನಾನೇ ಜಡ್ಜಾಗಿ ತೀರ್ಪು ಕೊಟ್ಟುಕೊಂಡೆ. ಕೇಳಿದವರಿಗೆ ಶೋಕೇಸಿಗೆ ಎಂದೆ.

ಆರನೇ ತಿಂಗಳಲ್ಲಿ ಮಗು ಹೋಯಿತು. ಆಸ್ಪತ್ರೆಯಿಂದ ಬಿಟ್ಟ ಮರುದಿನ ಕೊರಿಯರಿನವನು ಪೆಟ್ಟಿಗೆ ತಂದು ಒಟಿಪಿ ಕೇಳಿದ. ಹೇಳಿದೆ. ಥ್ಯಾಂಕ್ಸ್ ಸರ್ ಎಂದು ಹೋದ. ನನಗೆ ಏನೂ ಆಗಲಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟಾಗ ತುಟಿ ಇರುತ್ತದಲ್ಲ, ನಮ್ಮದೇ ಹೌದು, ಆದರೆ ಮುಟ್ಟಿದರೆ ಬೇರೆಯವರದ್ದು, ಇಡೀ ಮೈ ಹಾಗಿತ್ತು.

ಅತ್ತೆ ಬಂದು ಮಗಳನ್ನು ಊರಿಗೆ ಕರೆದುಕೊಂಡು ಹೋಗಿ ಬಾಣಂತನ ಶುರು ಮಾಡಿದರು. ಮಗುವೇ ಇಲ್ಲದೆ ಎಂತ ಬಾಣಂತನ ಎಂದು ನೆರೆಯವರು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಜಗಲಿಯಲ್ಲಿದ್ದ ನನಗೂ ಕೇಳಿಸಿತು.

"ಮಗು ಇಲ್ಲಾಂತ ಹೆತ್ತ ಮೈಗೆ ಗೊತ್ತುಂಟಾ?"

ದಿನಾ ಹಂಡೆಯಲ್ಲಿ ನೆಕ್ಕಿಸೊಪ್ಪು, ಅರಸಿನ ಹಾಕಿ ನೀರು ಕುದಿಯುತ್ತಿತ್ತು. ಎಣ್ಣೆ ಹಚ್ಚಿ, ಆ ನೀರು ಹೊಯ್ದು, ಹೊದೆಸಿ ಮಲಗಿಸುವುದು. ಹೆಂಡತಿ ಎಲ್ಲದಕ್ಕೂ ಮೈ ಒಡ್ಡಿ ಕೂರುತ್ತಿದ್ದಳು. ಅವಳ ಬಾಯಿಂದ ಬರುತ್ತಿದ್ದ ಮಾತು ಎರಡೇ, ಹೂಂ ಮತ್ತು ಬೇಡ. ನಾನು ವಾರಕ್ಕೊಮ್ಮೆ ಪುತ್ತೂರಿನಿಂದ ಜೋಕುಗಳನ್ನು ಕಟ್ಟಿಕೊಂಡು ಹೋಗುತ್ತಿದ್ದೆ. ಕ್ಲಾಸಿನಲ್ಲಿ ಹಾಜರಿ ಕರೆದಾಗ ತಲೆ ಎತ್ತುವ ಹಾಗೆ ಅವಳು ಒಮ್ಮೆ ತಲೆ ಎತ್ತಿ, ಮತ್ತೆ ತಗ್ಗಿಸುತ್ತಿದ್ದಳು. ಮದುವೆ ಮನೆಯಲ್ಲಿ ಪುರೋಹಿತರನ್ನೇ ನಗಿಸಿ ಮಂತ್ರ ತಪ್ಪಿಸಿದ ನನ್ನ ಮರ್ಯಾದೆ ಹೀಗೆ ಹೋಯಿತು.

ಒಂದು ಭಾನುವಾರ ಅತ್ತೆ ನನ್ನನ್ನು ದನದ ಹಟ್ಟಿಯ ಹತ್ತಿರ ಕರೆದರು. ಮಗಳು ಪುತ್ತೂರಿಗೆ ವಾಪಸು ಹೋಗುವುದಿಲ್ಲ ಎನ್ನುತ್ತಿದ್ದಾಳಂತೆ. ಮತ್ತೆ ಯಾವಾಗ ಬಂದಾಳು ಎಂದು ಕೇಳಿದೆ. ಅದನ್ನು ಕೇಳಲು ತನಗೆ ಧೈರ್ಯ ಇಲ್ಲ ಎಂದರು. ಬಾಣಂತನ ಮುಗಿಯಲು ಹೆಚ್ಚು ದಿನ ಇರಲಿಲ್ಲ. ಮುಗಿದ ಮೇಲೂ ಅವಳು ಇಲ್ಲೇ ಉಳಿದರೆ, ಆಮೇಲೆ ನಾನು ಬಂದು ಹೋಗುವ ನೆಂಟ. ಇದು ಅರ್ಥವಾಯಿತು. ಆದರೆ ಅರ್ಥವಾದದ್ದು ತಲೆಯಿಂದ ಕೆಳಗೆ ಇಳಿಯಲಿಲ್ಲ.

ಮುಂದಿನ ವಾರ ಜೋಕಿನ ಬದಲು ಹಡಗು ತೆಗೆದುಕೊಂಡು ಹೋದೆ. ಅವಳ ಪಕ್ಕ ಸುಮ್ಮನೆ ಕೂರಬೇಕಾದರೆ ಕೈಗೆ ಏನಾದರೂ ಬೇಕಲ್ಲ. ಪಕ್ಕೆಲುಬುಗಳನ್ನು ಪುತ್ತೂರಿನಲ್ಲೇ ಅಂಟಿಸಿ ನಿಲ್ಲಿಸಿದ್ದೆ. ತಿಂದು ಬಿಟ್ಟ ಬಂಗುಡೆಯ ಮುಳ್ಳಿನ ಹಾಗೆ ಕಾಣುತ್ತಿತ್ತು. ಅದರ ಮೇಲೆ ತೆಳ್ಳಗಿನ ಉದ್ದುದ್ದ ಮರದ ಪಟ್ಟಿಗಳನ್ನು ಒಂದರ ಕೆಳಗೊಂದು ಅಂಟಿಸಿ ಮೈ ಮುಚ್ಚಬೇಕು. ಅಂಟು ಹಿಡಿಯುವವರೆಗೆ ಒತ್ತಿ ಹಿಡಿಯಲು ಕ್ಲಿಪ್ಪು ಬೇಕು. ನಾನು ಅಂಗಳದಲ್ಲಿ ಬಟ್ಟೆ ಒಣಗಿಸುವ ಬಳ್ಳಿಯಿಂದ ಕ್ಲಿಪ್ಪುಗಳನ್ನೆಲ್ಲ ಕಿತ್ತು ತಂದೆ. ಸ್ವಲ್ಪ ಹೊತ್ತಿನಲ್ಲಿ ಗಾಳಿ ಬಂದು, ಮಾವನ ಬಿಳಿ ಮುಂಡು ಹಾರಿ ಸೆಗಣಿ ಗುಂಡಿಯಲ್ಲಿ ವಿಶ್ರಾಂತಿ ಪಡೆಯಿತು. ಮಾವ ಅದನ್ನು ಕೋಲಿನಿಂದ ಎತ್ತಿಕೊಂಡು ಬಾವಿಯ ಕಡೆಗೆ ಹೋದರು.

ಹೊಟ್ಟೆಯ ಭಾಗದಲ್ಲಿ ಪಟ್ಟಿಗಳು ವಿಧೇಯವಾಗಿ ಕೂತವು. ಮೂತಿಯ ಕಡೆ ಬಂದಾಗ ಸುಬ್ರಹ್ಮಣ್ಯದ ಬಸ್ಸಿಗೆ ಹತ್ತುವವರ ಹಾಗೆ ಒಂದರ ಮೇಲೊಂದು ಹತ್ತಿದವು. ಒತ್ತಿದೆ, ಮುರಿಯಿತು. ಇನ್ನೂ ಜೋರಾಗಿ ಒತ್ತಿದೆ, ಇನ್ನೊಂದು ಮುರಿಯಿತು. ಅಂಟು ನನ್ನ ಗಡ್ಡಕ್ಕೆ ಹಿಡಿದಷ್ಟು ಗಟ್ಟಿಯಾಗಿ ಮರಕ್ಕೆ ಹಿಡಿಯಲಿಲ್ಲ. ಬಿಸಿನೀರಿನಲ್ಲಿ ನೆನೆಸಿದರೆ ಪಟ್ಟಿ ಬಗ್ಗುತ್ತದೆ ಎಂದು ಒಂದು ವೀಡಿಯೊದಲ್ಲಿ ನೋಡಿದ್ದೆ. ಬಿಸಿನೀರಿಗೆ ಆ ಮನೆಯಲ್ಲಿ ಬರವೇ? ಹಿಂದಿನ ಬಚ್ಚಲಿಗೆ ಹೋಗಿ, ಹಂಡೆಯಲ್ಲಿ ಸೊಪ್ಪಿನ ಅಡಿಗೆ ಪಟ್ಟಿಗಳನ್ನು ತುರುಕಿದೆ. ಮೀಯುವ ಹೊತ್ತಿಗೆ ಮೊದಲು ತೆಗೆದರಾಯಿತು ಎಂದುಕೊಂಡೆ. ಆಮೇಲೆ ಚಹಾ ಬಂತು, ಅವಲಕ್ಕಿ ಬಂತು, ಮರೆತೆ.

ನೆನಪಾದಾಗ ಬಚ್ಚಲಿನ ಬಾಗಿಲು ಹಾಕಿತ್ತು. ಒಳಗೆ ನೀರು ಹೊಯ್ಯುವ ಸದ್ದು. ಅತ್ತೆ ಸೊಪ್ಪಿನ ದಂಟು ಎಂದುಕೊಂಡು ಪಟ್ಟಿಗಳ ಸಮೇತ ಮಗಳ ತಲೆಗೆ ಹೊಯ್ದಿದ್ದರು. ನಾನು ಹೊರಗಿನಿಂದ, ಅದು ಹಡಗಿನದು, ಬಿಸಾಡಬೇಡಿ ಎಂದು ವಿನಂತಿ ಮಾಡಿದೆ. ಸದ್ದು ನಿಂತಿತು.

"ನಿಮ್ಮ ಹಡಗನ್ನೂ ನಾನೇ ಮೀಯಿಸ್ಬೇಕಾ?" ಎಂದರು ಅತ್ತೆ ಒಳಗಿನಿಂದ.

ಹೆಂಡತಿ ತಲೆಗೆ ಬೈರಾಸು ಸುತ್ತಿ ಹೊರಗೆ ಬಂದಾಗ ಅವಳ ಕೈಯಲ್ಲಿ ಪಟ್ಟಿಗಳಿದ್ದವು. ಎಲ್ಲ ಅರಸಿನ ಬಣ್ಣ. ಮಲಗಲು ಹೋಗಬೇಕಾದವಳು ಜಗಲಿಗೆ ಬಂದು ನನ್ನೆದುರು ಕೂತಳು. ಹಡಗನ್ನು ತಿರುಗಿಸಿ ತಿರುಗಿಸಿ ನೋಡಿದಳು. ಪುತ್ತೂರಿನಲ್ಲಿ ಅವಳು ಬ್ಲೌಸ್ ಹೊಲಿಯುತ್ತಿದ್ದವಳು.

"ಮಡಚಿ ಡಾರ್ಟ್ ಹಿಡಿಯದೆ ಯಾರಾದ್ರೂ ಬ್ಲೌಸ್ ಹೊಲಿತಾರಾ ಮಾರಾಯ್ರೆ? ಹೊಟ್ಟೆ ಅಗಲ ಉಂಟು, ತುದಿ ಸಪೂರ ಉಂಟು. ಒಂದೇ ಅಗಲದ ತುಂಡು ಎರಡು ಕಡೆಗೂ ಹೇಗೆ ಕೂರುದು?"

ಆಸ್ಪತ್ರೆಯಿಂದ ಬಂದ ಮೇಲೆ ಅವಳು ನನಗೆ ಹೇಳಿದ ಅತಿ ಉದ್ದದ ಮಾತು ಅದು. ಬ್ಲೇಡು ಕೇಳಿದಳು, ಕೊಟ್ಟೆ. ಪಟ್ಟಿಯನ್ನು ಪಕ್ಕೆಲುಬುಗಳ ಮೇಲೆ ಇಟ್ಟು, ಉಗುರಿನಿಂದ ಗೆರೆ ಎಳೆದು, ಮೂತಿಯ ಕಡೆಗೆ ಸ್ವಲ್ಪ ಸ್ವಲ್ಪವೇ ಸಪೂರ ಕೊಯ್ದಳು. ಬಿಸಿನೀರಿಗೆ ಮೆತ್ತಗಾಗಿದ್ದ ಪಟ್ಟಿ ತಕರಾರಿಲ್ಲದೆ ಬಗ್ಗಿ ಕೂತಿತು. ಕ್ಲಿಪ್ಪು ಕೊಟ್ಟರೆ ಬೇಡ ಎಂದಳು. ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡಳು.

"ಇದು ಶೋಕೇಸಿಗೆ ತರಿಸಿದ್ದಲ್ಲ" ಎಂದಳು.

"ಅಲ್ಲ."

"ನಂಗೆ ಗೊತ್ತಿತ್ತು."

ಬೆರಳು ತೆಗೆಯಲಿಲ್ಲ. ನಾನು ಅಭ್ಯಾಸದಂತೆ ಒಂದು ಜೋಕು ಹುಡುಕಿದೆ. ಸಿಗಲಿಲ್ಲ. ಅವಳು ಅಳುತ್ತಾಳೋ ಎಂದು ನೋಡಿದೆ. ಅಳಲಿಲ್ಲ. ಒಳಗಿನಿಂದ ಅತ್ತೆ, ಗಾಳಿಗೆ ಕೂರಬೇಡ, ಬಂದು ಮಲಗು ಎಂದು ಕರೆದರು. ಅಂಟು ಒಣಗಲಿ, ಬರುತ್ತೇನೆ ಎಂದಳು.

"ಪುತ್ತೂರಿನ ಆ ಕೋಣೆ ಬೇಡ" ಎಂದಳು ಆಮೇಲೆ, ಹಡಗನ್ನೇ ನೋಡುತ್ತ. "ಬೇರೆ ನೋಡಿ. ಮಿಷನ್ ಇಡ್ಲಿಕ್ಕೆ ಬೆಳಕಿನ ಕಿಟಕಿ ಇದ್ರೆ ಸಾಕು."

"ನೋಡಿದ್ರೆ ಬರ್ತೀಯಾ?"

"ಬರದೆ ಎಂತ ಮಾಡುದು."

ನನಗೆ ಖುಷಿಯಾಗಬೇಕಿತ್ತು. ಎದೆಯ ಹತ್ತಿರ ಕೈ ಇಟ್ಟು ನೋಡಿಕೊಂಡೆ, ಅಂಗಿಗೆ ಅಂಟು ಹಿಡಿಯಿತು, ಅಷ್ಟೇ. ಪುತ್ತೂರಿನಲ್ಲಿ ಬಾಡಿಗೆ ಮನೆ ಮಾಡಿಕೊಡುವ ಪರಿಚಯದವನೊಬ್ಬನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಬೆರಳೆಲ್ಲ ಅಂಟು, ಕಿವಿಗೆ ಹಿಡಿದರೆ ಮತ್ತೆ ಬಿಡಿಸುವುದು ಹೇಗೆ ಎಂದು ಸ್ಪೀಕರಿಗೆ ಹಾಕಿ ನೆಲದ ಮೇಲೆ ಇಟ್ಟೆ. ಅವನು ಯಾವ ಏರಿಯಾ, ಕೆಳಗಿನದಾ ಮಹಡಿಯದಾ, ನೀರಿಗೆ ಬೋರ್‌ವೆಲ್ ಬೇಕಾ ಎಂದೆಲ್ಲ ಕೇಳಿದ. ಬೆಳಕಿನ ಕಿಟಕಿ ಎಂದೆ.

"ಮನೆಯಲ್ಲಿ ಎಷ್ಟು ಜನ?" ಎಂದು ಕೇಳಿದ.

ಅವಳು ಪಟ್ಟಿಯ ಮೇಲಿನ ಬೆರಳು ಎತ್ತದೆ, ಫೋನಿನ ಕಡೆಗೆ ಸ್ವಲ್ಪ ಬಗ್ಗಿದಳು.

"ಇಬ್ಬರು" ಎಂದಳು.