ಮೂಲೆಯಲ್ಲಿದ್ದ ಐದು ಕಲ್ಲು

ಬೆಳಿಗ್ಗೆ ಏಳು ನಲವತ್ತಕ್ಕೆ ಹೊಳೆ ಏರತೊಡಗಿತ್ತು. ವೇಳೆ ನನಗೆ ಇಷ್ಟು ಖಚಿತವಾಗಿ ಗೊತ್ತಿರುವುದು ಕ್ಯಾಮೆರಾದಿಂದ. ಪ್ರತಿ ಚಿತ್ರದ ಜೊತೆ ಅದು ಗಂಟೆ, ನಿಮಿಷವನ್ನೂ ಉಳಿಸಿಕೊಂಡಿರುತ್ತದೆ.

ಅಕ್ಕ ಹೆರಿಗೆಗೆಂದು ದಾವಣಗೆರೆಗೆ, ನಮ್ಮ ಮನೆಗೆ ಬಂದಿದ್ದಳು. ಮಲೆಬೆನ್ನೂರಿಗೆ, ಗಂಡನ ಮನೆಗೆ ಕಳಿಸುವ ಮೊದಲು ಬಾಣಂತಿಯ ಕೈಯಿಂದ ಗಂಗೆ ಪೂಜೆ ಮಾಡಿಸುವುದು ನಮ್ಮಲ್ಲಿ ರೂಢಿ. ಈಗ ಮನೆಯ ನಲ್ಲಿಯ ಮುಂದೆಯೇ ಮುಗಿಸುವವರು ಹೆಚ್ಚು. ಅವ್ವ ಮಾತ್ರ ಹೊಳೆಯೇ ಆಗಬೇಕೆಂದಳು. ಹಾಗಾಗಿ ಹರಿಹರಕ್ಕೆ ಹೋದೆವು. ನೀರಿನ ಪಕ್ಕದ ಮೆಟ್ಟಿಲ ಮೇಲೆ ಐದು ಕಲ್ಲು ಸಾಲಾಗಿಟ್ಟು, ಅರಿಶಿನ ಕುಂಕುಮ ಹಚ್ಚಿ, ಅಕ್ಕ ಪೂಜೆ ಮುಗಿಸಿದಳು.

ನನಗೆ ಫೋಟೊ ತೆಗೆಯುವುದನ್ನು ಕಲಿಸುತ್ತಿದ್ದ ಮೇಡಂ ಕೂಡ ಬಂದಿದ್ದರು. ಪಿ.ಜೆ. ಬಡಾವಣೆಯಲ್ಲಿ ಅವರದು ಪುಟ್ಟ ಸ್ಟುಡಿಯೊ. ಬ್ಯಾಂಕಿಗೆ ರಜೆ ಇದ್ದಾಗ ನಾನು ಅಲ್ಲಿಗೆ ಹೋಗುತ್ತಿದ್ದೆ. ಮುಖ ಎಲ್ಲರ ಕಣ್ಣಿಗೂ ಬೀಳುತ್ತದೆ, ನೀವು ಮೊದಲು ಚೌಕಟ್ಟಿನ ನಾಲ್ಕು ಮೂಲೆ ನೋಡಿ ಎನ್ನುತ್ತಿದ್ದರು. ಏನು ಒಳಗಿರಬೇಕು, ಏನು ಹೊರಗುಳಿಯಬೇಕು ಎಂಬುದು ಅಂಚಿನಲ್ಲೇ ತೀರ್ಮಾನವಾಗಬೇಕು.

ಅಕ್ಕ ಕೆಳಗಿನ ಮೆಟ್ಟಿಲಲ್ಲಿ ಹೊಳೆಗೆ ಬೆನ್ನು ಮಾಡಿ ನಿಂತಳು, ಪಕ್ಕದಲ್ಲಿ ಭಾವ, ಸೋದರತ್ತೆ. ಅವ್ವ ಮಗುವನ್ನೆತ್ತಿಕೊಂಡು ಎರಡು ಮೆಟ್ಟಿಲು ಮೇಲಿದ್ದಳು. ಮೇಡಂ ಸ್ಟ್ಯಾಂಡಿಗೆ ಕ್ಯಾಮೆರಾ ಬಿಗಿದು, ಕಲ್ಲುಗಳು ಎಡಮೂಲೆಯಲ್ಲಿ ಬರುವಂತೆ ಹಿಂದೆ ಸರಿದರು. ನನ್ನ ಕ್ಯಾಮೆರಾದಲ್ಲೂ ಹಾಗೇ ತೆಗೆಯಲು ಹೇಳಿದರು. ಸೋದರತ್ತೆಗೆ ಇದು ಹಿಡಿಸಲಿಲ್ಲ.

“ಹತ್ರ ಬಂದು ತೆಗೀರಿ. ನಮ್ಮ ಮುಖಕ್ಕಿಂತ ಆ ಕಲ್ಲೇ ಚಂದ ಐತೇನು?”

ಎಲ್ಲರೂ ನಕ್ಕರು. ಆ ನಗುವಿನಲ್ಲೇ ನಾನು ಮೊದಲ ಚಿತ್ರ ತೆಗೆದೆ. ಎರಡನೆಯದನ್ನು ತೆಗೆದು, ರೂಢಿಯಂತೆ ಮೂಲೆ ನೋಡಿದೆ. ಎರಡೇ ಕಲ್ಲು ಇದ್ದವು. ಯಾರೋ ಕಾಲಿನಿಂದ ಸರಿಸಿರಬೇಕು ಎಂದುಕೊಂಡು ಕ್ಯಾಮೆರಾ ಇಳಿಸಿ ನೋಡಿದರೆ, ಅವು ಇದ್ದ ಜಾಗದ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಮೇಲೆಲ್ಲೋ ಜೋರು ಮಳೆಯಾಗಿದ್ದು ಆಮೇಲೆ ತಿಳಿಯಿತು.

“ಅಕ್ಕಾ, ಮೇಲೆ ಬಾ. ನೀರು ಏರ್ತಾ ಐತೆ.”

ಅವಳು ನೀರಿನ ಕಡೆ ತಿರುಗಿದಳು. ಪಾಚಿಯ ಮೇಲೆ ಕಾಲು ಜಾರಿತು. ಎದೆಮಟ್ಟದ ನೀರಿನಲ್ಲಿ ಅವಳ ಸೀರೆ ಉಬ್ಬಿ, ಹೊಳೆ ಎಳೆಯುತ್ತಿತ್ತು. ಭಾವನ ಕೈ ಎಟುಕಲಿಲ್ಲ. ಮೇಡಂ ಸ್ಟ್ಯಾಂಡನ್ನು ಕ್ಯಾಮೆರಾ ಸಮೇತ ಎತ್ತಿ, ಮೆಟ್ಟಿಲ ಮೇಲೆ ಬೋರಲು ಮಲಗಿ, ಅದರ ಕಾಲನ್ನು ಅಕ್ಕನ ಕಡೆ ಚಾಚಿದರು. ಅಕ್ಕ ಹಿಡಿದುಕೊಂಡಳು. ನಾನೂ ಭಾವನೂ ಮೇಡಂ ಸೊಂಟ ಹಿಡಿದು ಎಳೆದೆವು. ಲೆನ್ಸು ಕಲ್ಲಿಗೆ ಬಡಿದು ಒಡೆದ ಸದ್ದು ಈಗಲೂ ಕಿವಿಯಲ್ಲಿದೆ. ಮೇಡಂ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕನ ಬೆನ್ನು ಸವರುತ್ತಾ ಕೂತಿದ್ದರು.

ಅಕ್ಕ ಮರುದಿನವೇ ಎಂದಿನಂತೆ ಮಗುವಿಗೆ ಎಣ್ಣೆ ಹಚ್ಚುತ್ತಾ ಕೂತಳು. ನಿದ್ದೆ ಹೋದದ್ದು ನನ್ನದು. ಕಣ್ಣು ಮುಚ್ಚಿದರೆ ಎಡಮೂಲೆ. ಐದು ಕಲ್ಲು, ಎರಡು, ಆಮೇಲೆ ಒಂದೂ ಇಲ್ಲ. ಕ್ಯಾಮೆರಾವನ್ನು ಬೀರುವಿನಲ್ಲಿಟ್ಟುಬಿಟ್ಟೆ.

ಎಷ್ಟೋ ವಾರಗಳ ನಂತರ, ಮಲೆಬೆನ್ನೂರಿಗೆ ಹೊರಡುವ ಮುನ್ನ ಅಕ್ಕ ಆ ಫೋಟೊ ಬೇಕೆಂದಳು. ನಾನು ನೋಡಲಾರೆನೆಂದರೂ ಬಿಡದೆ, ಬೀರುವಿನಿಂದ ಕ್ಯಾಮೆರಾ ತೆಗೆದುಕೊಂಡು ನನ್ನನ್ನು ಸ್ಟುಡಿಯೊಗೆ ಕರೆದೊಯ್ದಳು. ಮೇಡಂ ಎರಡನೆಯ ಚಿತ್ರವನ್ನು ಪರದೆಯ ಮೇಲೆ ತೆರೆದರು. ನಾನು ಬಾಗಿಲ ಕಡೆ ನೋಡುತ್ತಿದ್ದೆ. ಜೊತೆಗೆ ಬಂದಿದ್ದ ಸೋದರತ್ತೆ, ನೀರಿರುವ ಕೆಳಭಾಗ ಕತ್ತರಿಸಿಬಿಡಿ, ಅಪಶಕುನ ಎಂದರು. ಮೇಡಂ ಅಕ್ಕನನ್ನು ನೋಡಿದರು.

“ಕತ್ತರಿಸಬ್ಯಾಡ್ರಿ. ನನ್ನ ತಂಗಿ ಅಲ್ಲಿ ನೋಡಿದ್ದಕ್ಕೇ ನಾನಿಲ್ಲಿ ಕುಂತೀನಿ” ಎಂದಳು ಅಕ್ಕ.

ಆಗ ತಿರುಗಿ ನೋಡಿದೆ. ಮೂಲೆಯಲ್ಲಿ ಎರಡು ಕಲ್ಲು ಇದ್ದವು. ಅದರಾಚೆ, ಅಷ್ಟು ದಿನ ನನ್ನ ಕಣ್ಣಿಗೆ ಬೀಳದೇ ಹೋದ ಇಡೀ ಚಿತ್ರವಿತ್ತು: ಸೋದರತ್ತೆಯ ಮಾತಿಗೆ ಇನ್ನೂ ನಗುತ್ತಿದ್ದ ಅಕ್ಕ, ಅವ್ವನ ಸೆರಗು ಜಗ್ಗುತ್ತಿದ್ದ ಮಗು. ಪ್ರಿಂಟನ್ನು ಅಕ್ಕ ತನ್ನ ಬ್ಯಾಗಿನಲ್ಲಿ, ಮಗುವಿನ ಬಟ್ಟೆಗಳ ನಡುವೆ ಇಟ್ಟುಕೊಂಡಳು.

ಮಾರನೆಯ ದಿನ ಗುರುವಾರ. ಅವ್ವ ಬಂದು ಭುಜ ಅಲುಗಿಸಿ, ಬ್ಯಾಂಕಿಗೆ ಹೊತ್ತಾಯಿತೆಂದು ಎಬ್ಬಿಸಿದಾಗ ಕಿಟಕಿಯ ತುಂಬ ಬಿಸಿಲಿತ್ತು.