ಮೊದಲ ಸಾಲು ಪ್ರೇಮಾಬಾಯಿಯದು

ನವನಗರದ ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಮೊದಲ ಸಾಲು ಹೇಳುವ ಹಕ್ಕು ಪ್ರೇಮಾಬಾಯಿಯದು. ಹಳೇ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿ ಎಲ್ಲರೂ ಚೆಲ್ಲಾಪಿಲ್ಲಿಯಾಗಿ ಇಲ್ಲಿಗೆ ಬಂದಾಗ, ಮನೆಮನೆಗೆ ಹೋಗಿ ಹೆಂಗಸರನ್ನು ಕೂಡಿಸಿದವರು ಅವರೇ. ಅವರು ಒಂದು ಸಾಲು ಹೇಳಬೇಕು, ಉಳಿದವರು ಅದನ್ನೇ ಹಿಂದೆ ಹೇಳಬೇಕು. ಮನೆಯಲ್ಲಿ ಗಂಡ, ಸೊಸೆ ಯಾರೂ ಅವರ ಮಾತಿಗೆ ಸೊಪ್ಪು ಹಾಕುವುದಿಲ್ಲ. ಶುಕ್ರವಾರದ ಆ ಒಂದು ತಾಸು ಮಾತ್ರ ಅವರದು.

ಅದಕ್ಕೂ ಕಲ್ಲು ಬಿತ್ತು. ಧಾರವಾಡದ ಕಡೆಯ ಮೃಣಾಲಿನಿ ಓಣಿಗೆ ಹೊಸ ಸೊಸೆಯಾಗಿ ಬಂದಳು, ಮಂಡಳಿಗೂ ಬಂದಳು. ಒಂದು ಶುಕ್ರವಾರ ಮೇಲಿನ ಸ್ವರದಲ್ಲಿ ಪ್ರೇಮಾಬಾಯಿಯ ದನಿ ಜಾರಿತು. ಅವರು ಜಾರಿದರೆ ಎಲ್ಲರೂ ಜಾರುವುದು ಮಂಡಳಿಯ ರೂಢಿ, ಜಾರಿದರು. ಮೃಣಾಲಿನಿಯೊಬ್ಬಳು ಜಾರಲಿಲ್ಲ. ಮಂಗಳಾರತಿಯ ಹೊತ್ತಿಗೆ ಮಂಡಳಿಯ ಹಳಬರಾದ ಶುಭದಾ ಬಾಯಿಬಿಟ್ಟೇಬಿಟ್ಟರು: “ಏನ್ ಕಂಠರೀ ಈ ಹುಡುಗೀದು!”

ಪ್ರೇಮಾಬಾಯಿ ಅಂದು ಪ್ರಸಾದವನ್ನೂ ತಿನ್ನದೆ ಸೆರಗಿಗೆ ಕಟ್ಟಿಕೊಂಡು ಮನೆಗೆ ನಡೆದರು. ಹೊಟ್ಟೆಕಿಚ್ಚೆಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಡುವುದು ಬೇಡ. ಆ ಹುಡುಗಿಯ ಇಳಕಲ್ ಸೀರೆಯ ಸೆರಗು ಕೂಡ ತಮ್ಮದಕ್ಕಿಂತ ಕೆಂಪಗೆ ಕಂಡಿತು.

ಮುಂದಿನ ವಾರ ಮೃಣಾಲಿನಿ ತವರಿಗೆ ಹೋಗಿದ್ದಳು. ಪ್ರೇಮಾಬಾಯಿ ತಾಳ ಒರೆಸುತ್ತ ಹಗುರವಾಗಿ ಅಂದರು: “ಕಂಠ ಛಲೋ ಅದ ಬಿಡ್ರಿ. ಆದ್ರ ಭಕ್ತಿ ಕಾಣಂಗಿಲ್ಲ. ಸ್ವಲ್ಪ ದಿನ ಹಿಂದ ಕೂಡ್ಲಿ.”

“ಖರೆ ನೋಡ್ರಿ, ನನಗೂ ಹಂಗ ಅನಿಸಿತ್ತು,” ಎಂದರು ಅದೇ ಶುಭದಾ.

ಅಷ್ಟೇ ಸಾಕಾಯಿತು. ಒಬ್ಬರು ಜಂಬ ಎಂದರು, ಇನ್ನೊಬ್ಬರು ಹಿರಿಯರೆಂಬ ಮರ್ಯಾದೆಯೇ ಇಲ್ಲ ಎಂದರು. ಅವಳೊಂದಿಗೆ ಒಂದು ಮಾತೂ ಆಡದವರು, ಆಕೆ ನಮ್ಮನ್ನು ನೋಡಿ ನಗುತ್ತಾಳೆ ಎಂದರು. ಹಿಂದೆ ಕೂರಿಸಬೇಕೆಂದು ಶುರುವಾದದ್ದು, ಮಂಡಳಿಗೇ ಬರುವುದು ಬೇಡ ಎನ್ನುವಲ್ಲಿಗೆ ಬಂದು ನಿಂತಿತು. ಪ್ರೇಮಾಬಾಯಿ ಇಷ್ಟು ಕೇಳಿರಲಿಲ್ಲ. ಕೇಳದೆ ಸಿಕ್ಕಿದ್ದನ್ನು ಬೇಡವೆನ್ನಲೂ ಇಲ್ಲ. “ಎಲ್ಲಾರೂ ಅಂದಮ್ಯಾಲ ನಾ ಒಬ್ಬಾಕಿ ಏನ್ ಮಾಡ್ಲಿ?” ಎಂದು ಮುಖ ಸಪ್ಪಗೆ ಮಾಡಿಕೊಂಡರು.

ಮೃಣಾಲಿನಿಗೆ ಸುದ್ದಿ ಮುಟ್ಟಿತು. ಆಕೆ ಮತ್ತೆ ಬರಲಿಲ್ಲ.

ಕಾರ್ತಿಕದಲ್ಲಿ ಬಾದಾಮಿಯ ಒಂದು ಮಠದಿಂದ ಮಂಡಳಿಗೆ ಕರೆ ಬಂತು. ಪ್ರೇಮಾಬಾಯಿಗೆ ನೆಗಡಿ. ಆದರೂ ಮೊದಲ ಸಾಲನ್ನು ಬೇರೆಯವರಿಗೆ ಕೊಡುವುದುಂಟೇ? ಎತ್ತರದಲ್ಲೇ ಹಿಡಿದರು. ಚರಣಕ್ಕೆ ಬರುವಷ್ಟರಲ್ಲಿ ದನಿ ಒಡೆದು ಕೀರಲಾಯಿತು. ಮಂಡಳಿ ಆ ಕೀರಲನ್ನೂ ಬಿಡದೆ, ಕಣ್ಣು ಮುಚ್ಚಿ, ಭಕ್ತಿಯಿಂದ ಹಿಂದೆ ಹೇಳಿತು. ಎದುರಿಗೆ ಕುಳಿತವರು ಸೆರಗು, ಶಲ್ಯ ಬಾಯಿಗೆ ಒತ್ತಿಕೊಂಡರು.

ತಿರುಗಿ ಬರುವಾಗ ಟೆಂಪೋದಲ್ಲಿ ಶುಭದಾ ಅಂದರು: “ಭಾಳ ಛಲೋ ಆತ್ರಿ ಪ್ರೇಮಕ್ಕ.” ಎಲ್ಲರೂ ಹೌದೆಂದರು.

“ಖರೆ ಹೇಳ್ರಿ. ನನ್ನ ದನಿ ಒಡೀತೋ ಇಲ್ಲೋ?”

“ಎಲ್ಲಿ ಒಡದಿತ್ರಿ!” ಎಂದರು ಶುಭದಾ. ಉಳಿದವರೂ ಅದನ್ನೇ ಹೇಳಿದರು.

ಪ್ರೇಮಾಬಾಯಿ ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ತಾವು ಜಾರಿದರೂ ಜಾರದೆ ಸ್ವರ ಹಿಡಿದವಳು ಒಬ್ಬಳಿದ್ದಳು. ಅವಳಿದ್ದಿದ್ದರೆ ಈ ನಗೆಪಾಟಲು ತಪ್ಪುತ್ತಿತ್ತು. ಮನಸ್ಸು ಗಟ್ಟಿ ಮಾಡಿಕೊಂಡು ಕೇಳಿದರು: “ಮೃಣಾಲಿನಿನ್ನ ಮತ್ತ ಕರಿಯೋಣೇನ್ರಿ?”

“ಕರಿಯೋಣ್ರಿ! ಆಕಿ ಭಾಳ ಛಲೋ ಹುಡುಗಿ, ನಾ ಮೊದಲಿಂದ ಅಂತಿದ್ದೆ,” ಎಂದರು ಶುಭದಾ. ಇಡೀ ಟೆಂಪೋ ಗೆಲುವಾಯಿತು. ಅವಳ ಕಂಠ, ಅವಳ ವಿನಯ, ಅವಳ ಭಕ್ತಿ, ಒಬ್ಬರ ಮೇಲೊಬ್ಬರು ಹೊಗಳತೊಡಗಿದರು.

ಪ್ರೇಮಾಬಾಯಿಗೆ ಆ ಇಳಕಲ್ ಸೀರೆಯ ಕೆಂಪು ಸೆರಗು ಮತ್ತೆ ಕಣ್ಣಿಗೆ ಕಟ್ಟಿತು.

“ಬ್ಯಾಡ ಬಿಡ್ರಿ,” ಎಂದರು.

“ಬ್ಯಾಡ್ರಿ,” ಎಂದರು ಎಲ್ಲರೂ.