ತಿರುಗಿ ಅನ್ನುವ ವಿದ್ಯೆ

ನಿನ್ನೆ ಮೊಮ್ಮಗಳು ನನ್ನೆದುರು ಕುರ್ಚಿ ಎಳೆದುಕೊಂಡು ಕೂತಳು. ಜನರಿಗೆ ಸಮಾಧಾನ ಹೇಳುವ ತರಬೇತಿಗೆ ಹೋಗುತ್ತಾಳೆ. ಮನೆಯಲ್ಲಿ ಮಾಡುವ ಅಭ್ಯಾಸಕ್ಕೆ ಒಬ್ಬ ದುಃಖಿ ಬೇಕಂತೆ. ಮನೆಯಲ್ಲಿ ಬಿಡುವಾಗಿದ್ದವಳು ನಾನೊಬ್ಬಳೇ.

“ಮೊಣಕಾಲು ನೋಯ್ತಾವ” ಎಂದೆ.

“ಅಜ್ಜಿ, ನಿನ್ನ ಮೊಣಕಾಲು ನೋಯ್ತಾವ ಅಂತ ಹೇಳಾಕತ್ತಿ” ಎಂದು ಗಂಭೀರವಾಗಿ ತಲೆ ತೂಗಿದಳು. ನನಗೆ ನಗು ತಡೆಯಲಾಗಲಿಲ್ಲ. ಈ ವಿದ್ಯೆ ನಿಮಗೆ ಹೊಸದಿರಬಹುದು. ನಾನು ಐವತ್ತರ ದಶಕದಲ್ಲೇ ಕಲಿತವಳು.

ಆಗ ನಾನು ಗ್ರಾಮಸೇವಿಕೆ. ಹಳ್ಳಿಯ ಹೆಂಗಸರ ಕಷ್ಟ ಕೇಳುವುದು ಹೇಗೆಂದು ಕಲಿಸಲು ದೊಡ್ಡ ಊರಿನಿಂದ ಕೋಟು ತೊಟ್ಟ ಸರ್ ಒಬ್ಬರು ಬಂದಿದ್ದರು. ಇನ್ನೊಬ್ಬರ ಮಾತಿಗೆ ಕಿವಿಗೊಡಬೇಕೆಂದು ಬೆಳಗಿನಿಂದ ಊಟದ ಹೊತ್ತಿನವರೆಗೆ ಒಬ್ಬರೇ ಮಾತಾಡಿದರು. ಯಾರೋ ಕೈ ಎತ್ತಿದರೆ, ನಡುವೆ ಬಾಯಿ ಹಾಕಬಾರದೆಂದು ಕೂರಿಸಿದರು. ಅವರ ಮಂತ್ರ ಇಷ್ಟೇ: ಎದುರಿಗೆ ಕೂರಿ, ಅವರು ಅಂದದ್ದನ್ನೇ ತಿರುಗಿ ಅನ್ನಿ, ಮನಸ್ಸು ತಾನೇ ತೆರೆಯುತ್ತದೆ. ನಾನು ಮನೆಯ ಎಮ್ಮೆಯ ಮೇಲೂ ಪ್ರಯೋಗಿಸಿದೆ. ಎಮ್ಮೆ ಏನೂ ತಕರಾರು ಮಾಡಲಿಲ್ಲ.

ಹಿರೇಕೆರೂರಿನ ಹತ್ತಿರದ ಹಳ್ಳಿಗೆ ನನ್ನನ್ನು ಹಾಕಿದರು. ಅಲ್ಲಿ ಗಂಗವ್ವನ ಮಗಳು ಶಾಂತವ್ವ ಪಂಚಮಿಗೆ ತವರಿಗೆ ಬಂದವಳು ಯಾರೊಡನೆಯೂ ಮಾತಾಡುತ್ತಿರಲಿಲ್ಲ, ಹಬ್ಬದ ಸಿಹಿ ಉಂಡಿಯನ್ನೂ ಮುಟ್ಟಿರಲಿಲ್ಲ.

“ನಾಳೆ ಅಕೀನ್ನ ಕರಿಯಾಕ ಗಂಡನ ಮನಿ ಗಾಡಿ ಬರತೈತ್ರಿ ಅಕ್ಕಾರ. ಕಳಸೂದೋ ಬ್ಯಾಡೋ ತಿಳೀವಲ್ದು. ನೀವರ ಕೇಳಿ ನೋಡ್ರಿ” ಎಂದಳು ಗಂಗವ್ವ.

ಶೇಂಗಾ ಸುಲಿಯುತ್ತಿದ್ದ ಶಾಂತವ್ವನ ಎದುರಿಗೇ ಹೋಗಿ ಕೂತೆ. ಬಹಳ ಕೇಳಿದ ಮೇಲೆ “ಬ್ಯಾಸರ ಆಗೇತ್ರಿ” ಎಂದಳು.

“ಬ್ಯಾಸರ ಆಗೇತಿ ಅಂತಿ.”

“ಏನಿಲ್ಲ ಬಿಡ್ರಿ.”

“ಏನಿಲ್ಲ ಅಂತಿ.”

ಕೈಯಲ್ಲಿದ್ದ ಶೇಂಗಾ ಒಗೆದು ಎದ್ದೇಬಿಟ್ಟಳು. “ಯಾಕ್ರೀ ಅಕ್ಕಾರ, ನೀವೂ ಅಣಕಸ್ತೀರಿ?”

ನಮ್ಮ ಕಡೆ ಅಂದದ್ದನ್ನು ತಿರುಗಿ ಅಂದರೆ ಅದು ಅಣಕವೆಂದು ಕೂಸಿಗೂ ಗೊತ್ತು. ತರಬೇತಾದ ನನಗೆ ಮಾತ್ರ ಮರೆತಿತ್ತು.

“ನಮ್ಮತ್ತಿನೂ ಹಿಂಗ ಮಾಡ್ತಾಳ್ರಿ. ನಾ ಏನಂದ್ರೂ ನನ್ನಂಗ ದನಿ ತಗದು ಮಂದಿ ಮುಂದ ಅಂತಾಳ. ಗಂಡನೂ ನಗ್ತಾನ. ನಾ ಆ ಮನ್ಯಾಗ ಬಾಯಿ ತಗಿಯೂದ ಬಿಟ್ಟೇನ್ರಿ” ಎಂದು ಬಿಕ್ಕಿದಳು. ಒಳಗೆ ಗಂಗವ್ವ ರೊಟ್ಟಿ ಬಡಿಯುವ ಸಪ್ಪಳ ನಿಂತುಹೋಯಿತು.

ಮರುದಿನ ಗಾಡಿ ಬಂದಾಗ ಗಂಗವ್ವ ಬಾಗಿಲಿಗೆ ಅಡ್ಡ ನಿಂತಳು. “ಮಗಳ ದನಿ ತಿರುಗಿ ಬಂದ ಮ್ಯಾಲ ನೋಡೂಣು. ಈಗ ಹೋಗ್ರಿ.” ಗಾಡಿ ಬರಿದೇ ಹೋಯಿತು. ಸರ್‌ಗೆ ಹೇಳಹೋದರೆ, “ನೋಡಿದಿರಾ ನನ್ನ ವಿಧಾನ!” ಎಂದರು. ಪೂರ್ತಿ ಕೇಳುವಷ್ಟು ಪುರಸೊತ್ತು ಅವರಿಗೆ ಇರಲಿಲ್ಲ.

ಇದನ್ನೆಲ್ಲ ಕೇಳುತ್ತ ಮೊಮ್ಮಗಳು ತಲೆ ತೂಗುವುದನ್ನು ಬಿಟ್ಟಿದ್ದಳು. “ನಿನಗ ಹಂಗ ಯಾರೂ ಅಣಕಸಲಿಲ್ಲೇನಜ್ಜಿ?”

ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಅವಳಿಗೆ ಹೇಳಿದೆ. ಅದಾದ ಮೂರು ನಾಲ್ಕು ವರ್ಷಕ್ಕೆ ನನ್ನ ಮದುವೆಯಾಯಿತು. ಒಂದು ಪಂಚಮಿಗೆ ತವರಿಗೆ ಹೋದವಳು ಅವ್ವನ ಮುಂದೆ ಎಲ್ಲ ಹೇಳಿಕೊಂಡಿದ್ದೆ. ಅವತ್ತೂ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಮರುದಿನ ಬಂದ ಗಾಡಿ ಬರಿದೇ ಹೋಗಲಿಲ್ಲ.

ಮೊಮ್ಮಗಳು ಇದನ್ನು ತಿರುಗಿ ಅನ್ನಲಿಲ್ಲ. ಎದುರಿನ ಕುರ್ಚಿ ಬಿಟ್ಟು ನನ್ನ ಮಗ್ಗುಲಿಗೆ ಬಂದು, ಸುಮ್ಮನೆ ಮೊಣಕಾಲು ಒತ್ತತೊಡಗಿದಳು.